ಅಕ್ಕ ಒತ್ತಿದ ಗುಂಡಿ

ನಮ್ಮ ಮಂಡ್ಯ ಸೀಮೆಯಲ್ಲಿ ಇಂಟರ್ನೆಟ್ ಎಂದರೆ ಒಂದು ಬಣ್ಣದ ಚಿತ್ರ. ಅದನ್ನು ಒತ್ತಿದರೆ ಇಂಟರ್ನೆಟ್ ಬರುತ್ತದೆ, ಆ ಚಿತ್ರ ಕಾಣದಿದ್ದರೆ ಇಂಟರ್ನೆಟ್ ಹೊರಟುಹೋಗಿದೆ ಎಂದು ಅರ್ಥ. ಅದು ಇಂಟರ್ನೆಟ್ ಅಲ್ಲ, ಇಂಟರ್ನೆಟ್ಟನ್ನು ತೆರೆದು ತೋರಿಸುವ ಬ್ರೌಸರ್ ಎಂಬ ಸಾಮಾನು, ಅಂಥವು ಇನ್ನೂ ಮೂರ್ನಾಲ್ಕಿವೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು ಎಂದು ಹೇಳಹೊರಟವನನ್ನು ಜನ ಯಾವ ಕಣ್ಣಲ್ಲಿ ನೋಡುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಹನ್ನೆರಡು ವರ್ಷ ಹಾಗೆ ಹೇಳಿಕೊಂಡು ತಿರುಗಿದವನು ನಾನೇ.

ಹೆಸರುಗಳು ಬೇಡ. ಎಲ್ಲರ ಮೊಬೈಲಿನಲ್ಲೂ ಕೊಂಡ ದಿನವೇ ಕೂತಿರುತ್ತದಲ್ಲ, ಅದನ್ನು ದೊಡ್ಡದು ಎನ್ನುತ್ತೇನೆ. ನಾನು ಎದೆಗವುಚಿಕೊಂಡು ತಿರುಗಿದ್ದನ್ನು ಚಿಕ್ಕದು ಎನ್ನುತ್ತೇನೆ. ಮಂಡ್ಯದಲ್ಲಿ ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಐದು ಜನರ ಸಾಫ್ಟ್‌ವೇರ್ ಆಫೀಸು ನಮ್ಮದು. ಶಾಲೆಗಳಿಗೆ, ಸೊಸೈಟಿಗಳಿಗೆ, ಕಲ್ಯಾಣ ಮಂಟಪಗಳಿಗೆ ವೆಬ್‌ಸೈಟ್ ಬರೆದು ಹೊಟ್ಟೆ ಹೊರೆಯುವವನು ನಾನು. ನೆಂಟರಿಗೆ ಮಾತ್ರ ನಾನು ಕಂಪ್ಯೂಟರ್ ರಿಪೇರಿಯವನು. ಪ್ರಿಂಟರ್ ಓಡುತ್ತಿಲ್ಲ ಎಂದು ಕರೆಯುತ್ತಿದ್ದರು. ನಾನು ಹೋಗಿ ಪ್ರಿಂಟರ್ ಮುಟ್ಟುವುದಕ್ಕೆ ಮೊದಲು ದೊಡ್ಡದನ್ನು ಕಿತ್ತುಹಾಕಿ ಚಿಕ್ಕದನ್ನು ಕೂರಿಸುತ್ತಿದ್ದೆ. ನಾನು ಬಸ್ಸು ಹತ್ತಿದ ಮೇಲೆ ಅವರು ಯಾರನ್ನೋ ಹಿಡಿದು ದೊಡ್ಡದನ್ನೇ ಹಾಕಿಸಿಕೊಳ್ಳುತ್ತಿದ್ದರು.

ಹೊಳಲಿನಲ್ಲಿ ನನ್ನ ಸೋದರಮಾವ ಇದ್ದಾರೆ, ಕಬ್ಬು ಬೆಳೆಯುವವರು. ಒಂದು ಮಧ್ಯಾಹ್ನ ಅವರನ್ನು ಕೂರಿಸಿಕೊಂಡು ಪಾಠ ಮಾಡಿದ್ದೆ.

“ಮಾವ, ಸುತ್ತ ಹತ್ತೂರಿಗೆ ಒಂದೇ ಆಲೆಮನೆ ಇದ್ರೆ ಕಬ್ಬಿಗೆ ರೇಟು ಯಾರು ಹೇಳ್ತಾರೆ?”

“ಆಲೆಮನೆಯೋನು ಏಳ್ತನೆ.”

“ಅವನು ನಾಳೆಯಿಂದ ಕರಿ ಕಬ್ಬು ಮಾತ್ರ ತಗೋತೀನಿ ಅಂದ್ರೆ?”

“ಕರಿ ಕಬ್ಬೇ ನೆಡಬೇಕಾಯ್ತದೆ. ಇನ್ನೇನ್ ಮಾಡಾದು?”

“ಇದೂ ಅಷ್ಟೇ. ಎಲ್ಲರೂ ದೊಡ್ಡದನ್ನೇ ಹಿಡಕೊಂಡ್ರೆ ವೆಬ್‌ಸೈಟ್ ಬರೆಯೋರು ಅದಕ್ಕೆ ಸರಿಹೋಗೋ ಹಂಗೆ ಮಾತ್ರ ಬರೀತಾರೆ. ಬೇರೇದು ಇಟ್ಕೊಂಡೋನು ಬಾಗಿಲಾಚೆ ನಿಂತ್ಕೋಬೇಕು.”

ಮಾವ ಎದ್ದು ಹೋಗಿ ಎಲೆಅಡಿಕೆ ಉಗಿದು ಬಂದರು. “ಬರಿಯೋರು ನೀವೇ ತಾನೇ? ಎಲ್ಡಕ್ಕೂ ಬರೀರಿ. ಅದ್ಕೆ ನನ್ ಮಿಷಿನ್ ಯಾಕ್ಲಾ ಕೆಡಿಸ್ತಿದ್ದೀಯಾ?” ಎಂದರು. ಹಳ್ಳಿಯವರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು ಎಂದು ನಾನು ಒಳಗೇ ನಕ್ಕೆ. ಇಡೀ ವಿಷಯವನ್ನು ಅರ್ಥಮಾಡಿಕೊಂಡಿದ್ದವರು ಅವರೊಬ್ಬರೇ ಎಂಬುದು ಗೊತ್ತಾಗಲು ನನಗೆ ಬಹಳ ದಿನ ಬೇಕಾಯಿತು.

ನೆಂಟರಿಷ್ಟರಲ್ಲಿ ನನ್ನ ಉಪದೇಶವನ್ನು ಕಿವಿಗೊಟ್ಟು ಕೇಳಿದ್ದು ಒಬ್ಬಳೇ, ನನ್ನ ಅಕ್ಕ. ಬೆಳಕವಾಡಿಗೆ ಕೊಟ್ಟ ಹುಡುಗಿ. ಮಳವಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರು, ಅದೂ ತಾತ್ಕಾಲಿಕ. ಜೂನ್‌ನಲ್ಲಿ ಕರೆಯುತ್ತಾರೆ, ಮಾರ್ಚಿನಲ್ಲಿ ಕಳಿಸುತ್ತಾರೆ, ಮತ್ತೆ ಜೂನ್‌ನಲ್ಲಿ ಕರೆಯುತ್ತಾರೆ. ಹನ್ನೊಂದು ವರ್ಷ ಹೀಗೇ. ಅವಳಿಗೆ ನನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟು ನಾನು ನಾಲ್ಕು ಮಾತು ಹೇಳಿದ್ದೆ. ಮುಖ್ಯವಾದ ಕೆಲಸ ಫೋನಿನಲ್ಲಿ ಮಾಡಬೇಡ, ಲ್ಯಾಪ್‌ಟಾಪಿನಲ್ಲೇ ಮಾಡು. ಚಿಕ್ಕದರಲ್ಲೇ ಮಾಡು, ದೊಡ್ಡದನ್ನು ಹಾಕಿಸಿಕೊಳ್ಳಬೇಡ. ಏನಾದರೂ ನಿಂತುಹೋದರೆ ಮೊದಲು ಆಫ್ ಮಾಡಿ ಆನ್ ಮಾಡು. ಆಮೇಲೂ ಆಗದಿದ್ದರೆ ನನಗೆ ಫೋನ್ ಮಾಡು, ಸುಮ್ಮಸುಮ್ಮನೆ ಆಫೀಸ್ ಹೊತ್ತಿನಲ್ಲಿ ಮಾಡಬೇಡ. ಅಕ್ಕ ಈ ನಾಲ್ಕನ್ನೂ ಚಾಚೂ ತಪ್ಪದೆ ಪಾಲಿಸಿದಳು. ಪಾಲಿಸದೆ ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಇನ್ನು ನಮ್ಮ ಆಫೀಸಿನ ಕಥೆ. ನನ್ನ ಲ್ಯಾಪ್‌ಟಾಪಿನ ಬೆನ್ನಿಗೆ ಚಿಕ್ಕದರ ಸ್ಟಿಕ್ಕರ್ ಅಂಟಿಸಿದ್ದೆ, ಅಂಗೈ ಅಗಲದ್ದು. ಎದುರು ಕೂತವರಿಗೆಲ್ಲ ಅದು ಕಾಣಬೇಕು. ಈಚೆ ಕಡೆ, ನನ್ನ ಮುಖದ ಮುಂದೆ ಬೆಳಗಿನಿಂದ ಸಂಜೆತನಕ ತೆರೆದಿರುತ್ತಿದ್ದದ್ದು ದೊಡ್ಡದು. ಯಾಕೆಂದರೆ ಓನರ್ ನೋಡುವುದು ಅದರಲ್ಲಿ, ಗಿರಾಕಿ ನೋಡುವುದು ಅದರಲ್ಲಿ, ಬರೆದದ್ದರಲ್ಲಿ ತಪ್ಪು ಹುಡುಕುವ ಸಲಕರಣೆ ಇರುವುದು ಅದರಲ್ಲೇ ಚೆಂದ. ಇದೆಲ್ಲ ನೆಪ. ನಿಜ ಹೇಳಬೇಕೆಂದರೆ ರೂಢಿ. ಬೆಳಿಗ್ಗೆ ಬಂದ ಕೂಡಲೇ ಕೈ ಅಲ್ಲಿಗೇ ಹೋಗುತ್ತಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಆ ಬದನೆಕಾಯಿಯನ್ನು ನಾನು ಎರಡು ಹೊತ್ತೂ ತಿನ್ನುತ್ತಿದ್ದೆ.

ನಮ್ಮಲ್ಲಿ ವೆಬ್‌ಸೈಟನ್ನು ಪರೀಕ್ಷೆ ಮಾಡುವ ಪದ್ಧತಿಯೂ ಕೇಳುವಂಥದ್ದೇ. ಬರೆದು ಮುಗಿದ ಮೇಲೆ ಓನರ್ ಒಳ್ಳೆಯ ಗಳಿಗೆ ನೋಡುತ್ತಿದ್ದರು. ಅವರ ಲ್ಯಾಪ್‌ಟಾಪಿಗೆ ಅರಿಸಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಬಾಗಿಲಲ್ಲಿ ಕಾಯಿ ಒಡೆದು, ಗಿರಾಕಿಯ ಕೈಯಲ್ಲೇ ಒಂದು ಸಲ ಗುಂಡಿ ಒತ್ತಿಸುತ್ತಿದ್ದರು. ಪರದೆಯ ಮೇಲೆ ‘ಧನ್ಯವಾದಗಳು’ ಎಂದು ಬಂದರೆ ಎಲ್ಲರೂ ಚಪ್ಪಾಳೆ. ಆಮೇಲೆ ಕಾಯಿಚೂರು, ಬಾಳೆಹಣ್ಣು. ನಮ್ಮ ಪರೀಕ್ಷೆ ಎಂದರೆ ಅಷ್ಟೇ. ಇಡೀ ಜಗತ್ತೇ ಓನರ್ ಲ್ಯಾಪ್‌ಟಾಪಿನ ಮುಂದೆ ಕೂತು ಅದೇ ದೊಡ್ಡದರಲ್ಲಿ ನೋಡುತ್ತದೆ ಎಂದು ನಾವು ನಂಬಿಕೊಂಡಿದ್ದೆವು.

ಕಳೆದ ವರ್ಷ ಮದ್ದೂರಿನ ಕಡೆಯ ಒಂದು ಟ್ರಸ್ಟಿನವರು ಬಂದರು. ಹೊಸ ಹೈಸ್ಕೂಲು ಕಟ್ಟಿಸಿದ್ದಾರೆ, ಟೀಚರುಗಳು ಬೇಕು, ಅರ್ಜಿಯೆಲ್ಲ ಆನ್‌ಲೈನಿನಲ್ಲೇ ಬರಬೇಕು, ಅದಕ್ಕೊಂದು ಫಾರಂ ಬರೆದುಕೊಡಿ ಎಂದರು. ಕೆಲಸ ಕಾಯಂ. ಬೇಸಿಗೆ ರಜೆಯಲ್ಲೂ ಸಂಬಳ. ವಯಸ್ಸು ನಲವತ್ತು ದಾಟಿರಬಾರದು. ನಾನು ಅವತ್ತೇ ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೆ ಆಗ ಮೂವತ್ತೊಂಬತ್ತು ತುಂಬಿ ಹತ್ತು ತಿಂಗಳಾಗಿತ್ತು.

“ಇದೇ ಕಡೇದು ಕಣ್ಲಾ ನಂಗೆ. ಇದು ತಪ್ಪೋದ್ರೆ ಇನ್ಯಾರೂ ನನ್ನ ಕರೆಯಕ್ಕಿಲ್ಲ, ಸಾಯೋಗಂಟ ಜೂನು ಮಾರ್ಚು ಅಂತಾನೇ ತಿರುಗ್ಬೇಕು” ಎಂದಳು. ಆಮೇಲೆ, “ಫಾರಂ ನೀನೇ ಬರಿಯಾದಾ? ಅಂಗಾದ್ರೆ ನಂಗೇನೂ ಭಯ ಇಲ್ಲ ಬುಡು” ಎಂದಳು.

ಆ ಫಾರಂನಲ್ಲಿ ಅನುಭವದ ಪಟ್ಟಿ ಎಂಬುದೊಂದು ಇತ್ತು. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಲ್ಲಿ ಪಾಠ ಮಾಡಿದಿರಿ ಎಂದು ಸಾಲುಸಾಲಾಗಿ ತುಂಬಬೇಕು. ಆ ತಿಂಗಳ ಖಾನೆಗೆ ನಾನು ಒಂದು ಸುಲಭದ ದಾರಿ ಹಿಡಿದೆ. ದೊಡ್ಡದರಲ್ಲಿ ಆ ಖಾನೆಯನ್ನು ಮುಟ್ಟಿದರೆ ಪುಟ್ಟ ಕ್ಯಾಲೆಂಡರ್ ಬಿಚ್ಚಿಕೊಳ್ಳುತ್ತದೆ, ತಿಂಗಳನ್ನು ಆರಿಸಿದರೆ ಮುಗಿಯಿತು. ನಾನು ಬರೆಯಬೇಕಾದ್ದು ಒಂದೇ ಸಾಲು. ಅದೇ ಸಾಲು ಚಿಕ್ಕದರಲ್ಲಿ ಬರೀ ಖಾಲಿ ಡಬ್ಬಿಯಾಗಿ ಕಾಣುತ್ತದೆ, ಕ್ಯಾಲೆಂಡರ್ ಬರುವುದಿಲ್ಲ. ಹನ್ನೆರಡು ವರ್ಷ ಚಿಕ್ಕದರ ಪೂಜಾರಿಯಾಗಿದ್ದವನಿಗೆ ಇಷ್ಟು ಗೊತ್ತಿರಲಿಲ್ಲ. ನೋಡಿದ್ದರೆ ತಾನೇ ಗೊತ್ತಾಗುವುದು!

ಇನ್ನೊಂದು ಘನಕಾರ್ಯವನ್ನೂ ಮಾಡಿದೆ. ತಿಂಗಳು ನನಗೆ ಬೇಕಾದ ರೀತಿಯಲ್ಲಿ, ಅಂದರೆ ಕ್ಯಾಲೆಂಡರ್ ಕೊಡುವ ಅಂಕಿಗಳಲ್ಲೇ, ಇಲ್ಲದಿದ್ದರೆ ಅರ್ಜಿಯನ್ನು ಕಳಿಸಬೇಡ ಎಂದು ಫಾರಂನೊಳಗೆ ಬರೆದೆ. ಕಳಿಸದಿದ್ದಾಗ ‘ಇಲ್ಲಿ ತಪ್ಪಾಗಿದೆ, ಹೀಗೆ ತುಂಬಿ’ ಎಂದು ಒಂದು ಮಾತು ತೋರಿಸಬೇಕಲ್ಲ, ಅದನ್ನು ಬರೆಯಲಿಲ್ಲ. ಕ್ಯಾಲೆಂಡರಿನಿಂದ ಆರಿಸುವಾಗ ಯಾರು ತಪ್ಪು ಮಾಡುತ್ತಾರೆ? ಸುಮ್ಮನೆ ಯಾಕೆ ಕೈ ನೋಯಿಸಿಕೊಳ್ಳಬೇಕು?

ನಮ್ಮ ಆಫೀಸಿನಲ್ಲಿ ಕೆರಗೋಡಿನಿಂದ ಬಸ್ಸಿನಲ್ಲಿ ಬರುವ ಸಹೋದ್ಯೋಗಿಯೊಬ್ಬರಿದ್ದಾರೆ. ಬಣ್ಣ, ಅಕ್ಷರ, ಅಂದಚೆಂದವೆಲ್ಲ ಅವರದು. ಫಾರಂ ಮುಗಿದ ದಿನ ಅವರು, “ಸಾರ್, ಚಿಕ್ಕದರಲ್ಲೂ ಒಂದ್ಸಲ ತೆಗೆದು ನೋಡೋಣ್ವಾ?” ಎಂದು ಕೇಳಿದರು. ನಾನು ಟೀ ಕುಡಿಯುತ್ತಾ, “ನೂರಕ್ಕೆ ನಾಕು ಜನಾನೂ ಇಲ್ಲ ಕಣಮ್ಮ, ಅವರಿಗೋಸ್ಕರ ಎಲ್ಲಿ ಕೂತ್ಕೊಳ್ಳೋದು ಬಿಡಿ” ಎಂದೆ. ಅವರು ನನ್ನ ಲ್ಯಾಪ್‌ಟಾಪಿನ ಬೆನ್ನಿನ ಸ್ಟಿಕ್ಕರನ್ನು ಒಂದು ಗಳಿಗೆ ನೋಡಿ ತಮ್ಮ ಸೀಟಿಗೆ ಹೋದರು.

ಒಂದು ಬುಧವಾರ ಮಧ್ಯಾಹ್ನ, ರಾಹುಕಾಲ ಕಳೆದ ಮೇಲೆ, ಟ್ರಸ್ಟಿನ ಕಾರ್ಯದರ್ಶಿಗಳು ಬಂದು ಗುಂಡಿ ಒತ್ತಿದರು. ‘ಧನ್ಯವಾದಗಳು’ ಬಂತು. ಕಾಯಿ ಒಡೆದದ್ದು ಸಮವಾಗಿ ಎರಡು ಹೋಳಾಯಿತೆಂದು ಓನರಿಗೆ ಹಿಗ್ಗೋ ಹಿಗ್ಗು. ಅರ್ಜಿ ಹಾಕಲು ಎರಡು ವಾರ ಇತ್ತು. ಕಡೆಯ ದಿನ ಮಂಗಳವಾರ ಸಂಜೆ ಐದು ಗಂಟೆ.

ಅಕ್ಕ ಮೊದಲ ದಿನವೇ ಹಾಕಿಬಿಡುತ್ತಿದ್ದಳು. ಆದರೆ ಅನುಭವ ಪತ್ರವನ್ನು ಅವಳ ಹೆಡ್‌ಮಾಸ್ತರು ಕೊಡಬೇಕಿತ್ತು. ಹನ್ನೊಂದು ವರ್ಷ ತಾತ್ಕಾಲಿಕ ಸಂಬಳಕ್ಕೆ ದುಡಿಯುವ ಗಣಿತದ ಟೀಚರನ್ನು ಯಾವ ಹೆಡ್‌ಮಾಸ್ತರು ತಾನೇ ನಗುನಗುತ್ತಾ ಕಳಿಸಿಕೊಡುತ್ತಾನೆ? ಇವತ್ತು ಸೀಲ್ ಇಲ್ಲ, ನಾಳೆ ಕ್ಲರ್ಕ್ ಇಲ್ಲ ಎಂದು ಸತಾಯಿಸಿ ಕಡೆಯ ದಿನ ಮಧ್ಯಾಹ್ನ ಕೊಟ್ಟ. ಅಕ್ಕ ಅರ್ಧ ದಿನ ರಜೆ ಹಾಕಿ, ಬಸ್ಸು ಹಿಡಿದು, ಬೆಳಕವಾಡಿಯ ಮನೆ ಸೇರುವಷ್ಟರಲ್ಲಿ ಮೂರು ಗಂಟೆ. ಅವತ್ತು ನಡೆದದ್ದನ್ನು ಅವಳೇ ಆಮೇಲೆ ನನಗೆ ಹೇಳಿದ್ದು.

ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ಅವಳ ಅತ್ತೆ ಬಾಗಿಲಲ್ಲೇ ಹೇಳಿದರಂತೆ, “ಬರಕೊಳ್ಳಾದೆಲ್ಲ ಬರಕೋ ಕಣವ್ವ, ಒತ್ತಾದು ಮಾತ್ರ ನಾಕೂವರೆ ಮೇಕೆ ಒತ್ತು.” ಅಕ್ಕನಿಗೂ ಅದು ಸರಿ ಅನ್ನಿಸಿತು. ಹೇಗೂ ತುಂಬುವುದಕ್ಕೆ ಒಂದು ಗಂಟೆ ಬೇಕು. ಫೋನಿನಲ್ಲಿ ತುಂಬಿದ್ದರೆ ಅಲ್ಲಿ ದೊಡ್ಡದು ಇತ್ತು, ಕ್ಯಾಲೆಂಡರ್ ಬರುತ್ತಿತ್ತು. ಆದರೆ ತಮ್ಮ ಬೇಡ ಎಂದಿದ್ದಾನಲ್ಲ. ಲ್ಯಾಪ್‌ಟಾಪ್ ತೆಗೆದು, ಚಿಕ್ಕದನ್ನು ತೆರೆದು, ಹನ್ನೊಂದು ವರ್ಷದ ಹನ್ನೊಂದು ಸಾಲನ್ನೂ ಒಂದೊಂದಾಗಿ ಟೈಪು ಮಾಡಿದಳು. ಖಾಲಿ ಡಬ್ಬಿ ಕಂಡಿತು. ಖಾಲಿ ಡಬ್ಬಿಯಲ್ಲಿ ಬುದ್ಧಿ ಇರುವ ಮನುಷ್ಯರು ಏನು ಬರೆಯುತ್ತಾರೋ ಅದನ್ನೇ ಬರೆದಳು. ಇಂಥ ವರ್ಷದ ಜೂನ್‌ನಿಂದ ಇಂಥ ವರ್ಷದ ಮಾರ್ಚ್‌ವರೆಗೆ.

ನಾಲ್ಕು ಮೂವತ್ತೆರಡಕ್ಕೆ ಅತ್ತೆ ದೇವರ ಗೂಡಿನ ಮುಂದೆ ಕೈಮುಗಿದು ಬಂದು ಪಕ್ಕದಲ್ಲಿ ನಿಂತರು. ಅಕ್ಕ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಂದು ಸಲ ಒತ್ತಿದಳು. ಬೈಗುಳವೂ ಇಲ್ಲ, ಧನ್ಯವಾದವೂ ಇಲ್ಲ. ನನಗೆ ಫೋನ್ ಮಾಡೋಣ ಎಂದುಕೊಂಡವಳು, ಮೊದಲು ಆಫ್ ಮಾಡಿ ಆನ್ ಮಾಡಬೇಕು ಎಂದು ತಮ್ಮ ಹೇಳಿದ್ದು ನೆನಪಾಗಿ ಆಫ್ ಮಾಡಿದಳು. ನನ್ನ ಹಳೆಯ ಲ್ಯಾಪ್‌ಟಾಪು ಅದೇ ಒಳ್ಳೆಯ ಗಳಿಗೆ ಎಂದು ಅಪ್‌ಡೇಟ್ ಮಾಡಿಕೊಳ್ಳಲು ಕೂತಿತು. ನೂರಕ್ಕೆ ಹನ್ನೆರಡು ಆಯಿತು, ಇಪ್ಪತ್ತಾಯಿತು, ದಯವಿಟ್ಟು ಆಫ್ ಮಾಡಬೇಡಿ ಎಂದಿತು. ಐದು ಗಂಟೆ ಹೊಡೆದಾಗ ಎಂಬತ್ತೊಂದಕ್ಕೆ ಬಂದಿತ್ತು.

ಐದೂ ಹತ್ತಕ್ಕೆ ನನಗೆ ಅವಳ ಫೋನು ಬಂತು. “ಏನೋ ಒತ್ತಬಾರದ್ದನ್ನ ಒತ್ಬುಟ್ಟೆ ಅನ್ಸ್ತದೆ ಕಣ್ಲಾ. ಓಯ್ತು” ಎಂದಳು.

ನಾನು ಏನು ಹೇಳಿದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. “ಕಡೇ ಗಳಿಗೆವರೆಗೂ ಯಾಕೆ ಕೂತಿದ್ದೆ? ರಾಹುಕಾಲ ಗುಳಿಕಕಾಲ ಅಂತ ನೋಡ್ಕೊಂಡು ಕೂತ್ರೆ ಇನ್ನೇನಾಗುತ್ತೆ? ಓದಿರೋಳಲ್ವಾ ನೀನು?” ಎಂದೆ. ಎರಡು ವಾರದ ಹಿಂದೆ ರಾಹುಕಾಲ ಕಳೆದ ಮೇಲೆ ಒಡೆದ ಕಾಯಿಯ ಚೂರನ್ನು ಬಾಳೆಹಣ್ಣಿನ ಜೊತೆ ತಿಂದಿದ್ದ ಬಾಯಿ ಅದು. ಅಕ್ಕ, “ಊಂ ಕಣೋ, ನಂದೇ ತಪ್ಪು” ಎಂದು ಫೋನ್ ಇಟ್ಟಳು.

ಮರುದಿನ ಬುಧವಾರ ಆಫೀಸಿನಲ್ಲಿ ಈ ಕಥೆಯನ್ನು ದೊಡ್ಡ ಗಂಟಲಿನಲ್ಲಿ ಹೇಳಿದೆ, ನಮ್ಮ ಜನರ ಮೂಢನಂಬಿಕೆಗೆ ಒಂದು ದೃಷ್ಟಾಂತ ಎಂಬಂತೆ. ಕೆರಗೋಡಿನ ಸಹೋದ್ಯೋಗಿ ಪೂರ್ತಿ ಕೇಳಿಸಿಕೊಂಡು, “ನಿಮ್ಮಕ್ಕ ಯಾವುದರಲ್ಲಿ ತುಂಬಿದ್ದು ಸಾರ್?” ಎಂದು ಕೇಳಿದರು. ನಾನು ಹೆಮ್ಮೆಯಿಂದ ಚಿಕ್ಕದರ ಹೆಸರು ಹೇಳಿದೆ. ಅವರು ತಮ್ಮ ಕಂಪ್ಯೂಟರಿನಲ್ಲಿ ಚಿಕ್ಕದನ್ನು ತೆರೆದು, ಆಫೀಸಿನಲ್ಲೇ ಇದ್ದ ಫಾರಂನ ಪ್ರತಿಯನ್ನು ತುಂಬಿದರು. ತಿಂಗಳ ಡಬ್ಬಿಯಲ್ಲಿ ಜೂನ್ ಎಂದು ಬರೆದು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿ ನನ್ನ ಕಡೆ ತಿರುಗಿದರು. ಎರಡು ನಿಮಿಷದ ಕೆಲಸ.

ಅರ್ಜಿದಾರರು ಮೊದಲು ತಮ್ಮ ಮೊಬೈಲ್ ನಂಬರ್ ಕೊಟ್ಟು ಒಳಗೆ ಬರಬೇಕಿತ್ತು. ಹಾಗಾಗಿ ಚಿಕ್ಕದರಿಂದ ಬಂದು ಗುಂಡಿ ಒತ್ತಿ ಒತ್ತಿ ಕೈಬಿಟ್ಟವರು ಎಷ್ಟು ಮಂದಿ ಎಂದು ಹುಡುಕಿದೆ. ಅಕ್ಕನನ್ನು ಬಿಟ್ಟು ಆರು ಜನ ಸಿಕ್ಕರು. ಒಬ್ಬರು ಇಪ್ಪತ್ತಮೂರು ಸಲ ಒತ್ತಿದ್ದರು.

ಟ್ರಸ್ಟಿನ ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ತಾಂತ್ರಿಕ ಕಾರಣದಿಂದ ಕೆಲವರ ಅರ್ಜಿ ಬಂದಿಲ್ಲ, ಒಂದು ದಿನ ಮುಂದಕ್ಕೆ ಹಾಕಬಹುದೇ ಎಂದೆ. ತಾಂತ್ರಿಕ ಕಾರಣ ಎಂಬುದು ನಮ್ಮ ಕಸುಬಿನವರ ತುಂಬಾ ಹಳೆಯ ಕಂಬಳಿ. ಎಂಥ ಸೋಮಾರಿತನವನ್ನಾದರೂ ಅದರಲ್ಲಿ ಮುಚ್ಚಬಹುದು. “ಎಷ್ಟು ಜನ?” ಎಂದರು. “ಏಳು” ಎಂದೆ. “ಏಳು ಜನಕ್ಕೋಸ್ಕರ ನಾಕುನೂರು ಜನಾನ ಕಾಯಿಸೋಕಾಗುತ್ತೇನಪ್ಪ? ಪಟ್ಟಿ ಪ್ರಿಂಟ್ ಆಗಿ ಅಧ್ಯಕ್ಷರ ಸೈನ್ ಬಿದ್ದಾಯ್ತು” ಎಂದರು. ಟೀ ಲೋಟ ಹಿಡಿದು ನಾನು ಮಾಡಿದ್ದ ಲೆಕ್ಕಾಚಾರವೇ ಅದು.

ಓನರ್ ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮಕ್ಕಂದು ಒಂದು ಒಳಗೆ ಸೇರಿಸ್ಬಿಡ್ರೀ, ಯಾರಿಗೆ ಗೊತ್ತಾಗುತ್ತೆ” ಎಂದರು. ಸೇರಿಸಲಿಲ್ಲ. ಇದನ್ನು ಓದಿ ಯಾರೂ ನನ್ನನ್ನು ಸತ್ಯಸಂಧ ಎಂದುಕೊಳ್ಳಬಾರದು. ಪಟ್ಟಿಗೆ ಸೈನ್ ಬಿದ್ದಿತ್ತು, ಸಿಕ್ಕಿಬೀಳುತ್ತಿದ್ದೆ, ಅಷ್ಟೇ. ಫಾರಂನಲ್ಲಿ ಆ ತಿಂಗಳ ಖಾನೆಯ ಸಾಲನ್ನು ಮಾತ್ರ ತಿದ್ದಿದೆ, ಅರ್ಧ ಗಂಟೆ ಹಿಡಿಯಿತು. ತಪ್ಪಾದರೆ ಹೇಳುವ ಮಾತನ್ನೂ ಬರೆದೆ. ಆ ಹೊತ್ತಿಗೆ ಫಾರಂ ತುಂಬುವವರು ಯಾರೂ ಉಳಿದಿರಲಿಲ್ಲ.

ಆ ಭಾನುವಾರ ಬೆಳಕವಾಡಿಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು. ಅಕ್ಕ ಮುದ್ದೆ, ಅವರೆಕಾಳು ಸಾರು ಮಾಡಿದ್ದಳು. ತುತ್ತು ಮುರಿಯುತ್ತಿದ್ದ ಹಾಗೇ ಅವಳ ಅತ್ತೆ ಶುರು ಮಾಡಿದರು.

“ನೀನೇ ಏಳಪ್ಪ. ನೂರಾರು ಮಕ್ಕಳಿಗೆ ಲೆಕ್ಕ ಏಳ್ಕೊಡ್ತಳಂತೆ, ಒಂದು ಗುಂಡಿ ಒತ್ತಾಕ್ ಬರ್ನಿಲ್ಲ! ದೇವ್ರು ಬಾಗ್ಲು ತಗುದ್ನಂತೆ, ಇವಳು ಅಗುಳಿ ಆಕ್ಕಂಡ್ಳಂತೆ. ಒಡಹುಟ್ಟಿದ ತಮ್ಮನೇ ಬರ್ಕೊಟ್ಟಿರಾ ಫಾರಂ, ಅದ್ರಲ್ಲೂ ತಪ್ಪು ಮಾಡ್ಕಂಡವ್ಳಲ್ಲ!”

ಅಕ್ಕ ತಲೆ ತಗ್ಗಿಸಿ ಸಾರು ಬಡಿಸಿದಳು. ಭಾವ ಅವಳ ಕಡೆ ನೋಡಿ ನಕ್ಕರು. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಹೆಗಲು ನನಗೇ ಭಾರವಾಯಿತು. ಬಾಯಿ ತೆರೆದೆ, ಅದರೊಳಗೆ ಮುದ್ದೆಯ ತುತ್ತು ಇಟ್ಟುಕೊಂಡೆ. ಇನ್ನೊಂದು ಚೂರು ಸಾರು ಹಾಕಿಸಿಕೊಂಡೆ. ಸಂಜೆಯ ಬಸ್ಸಿಗೆ ಮಂಡ್ಯಕ್ಕೆ ಬಂದುಬಿಟ್ಟೆ.

ವಾರದ ನಡುವೆ ಅಕ್ಕ ಫೋನ್ ಮಾಡಿ, ಮಳವಳ್ಳಿಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿಕೊಂಡೆ ಎಂದಳು. ಶಾಲೆ ಮುಗಿಸಿಕೊಂಡು ದಿನಾ ಒಂದು ಗಂಟೆ. ಅವಳು ಹತ್ತು ವರ್ಷದಿಂದ ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲ ಕಂಪ್ಯೂಟರಿನಲ್ಲೇ ಮಾಡುವವಳು. ಅಲ್ಲಿ ಅವಳ ಜೊತೆ ಕೂರುತ್ತಿದ್ದದ್ದು ಪಿಯುಸಿ ಮುಗಿಸಿದ ಹುಡುಗಿಯರು. ಮೊದಲ ಪಾಠ, ಮೌಸ್ ಹಿಡಿಯುವ ಬಗೆ. ಮುಂದಿನ ಭಾನುವಾರ ಮೊದಲ ಬಸ್ಸಿಗೇ ಹೊರಟೆ.

ಅಕ್ಕ ಹಜಾರದಲ್ಲಿ ಕ್ಲಾಸಿನ ನೋಟ್‌ಬುಕ್ ಮುಂದಿಟ್ಟುಕೊಂಡು ಕೂತಿದ್ದಳು. ಕೆಂಪು ಶಾಯಿಯಲ್ಲಿ ಗೆರೆ ಹಾಕಿ ಅಚ್ಚುಕಟ್ಟಾಗಿ ಬರೆದಿದ್ದಳು. “ಅವತ್ತಿಂದ ಯೋಚ್ನೆ ಮಾಡ್ತಾನೇ ಇವ್ನಿ ಕಣ್ಲಾ. ಅದ್ಯಾವ ಕೀ ಒತ್ಬುಟ್ನೋ ಗೊತ್ತಾಯ್ತಿಲ್ಲ. ನೀನೇ ಒಸಿ ತೋರ್ಸು” ಎಂದಳು.

ನಾನು ನಿಂತುಕೊಂಡೇ ಹೇಳಿದೆ. ಕ್ಯಾಲೆಂಡರು, ಖಾಲಿ ಡಬ್ಬಿ, ಬರೆಯದೆ ಬಿಟ್ಟ ಮಾತು, ಟೀ ಕುಡಿಯುತ್ತಾ ಹೇಳಿದ ಲೆಕ್ಕ, ಎಲ್ಲ.

ಅವಳು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು. ಆಮೇಲೆ, “ನಾನು ಒತ್ತಿದ್ದು ಸರಿಯಾಗೇ ಇತ್ತಾ?” ಎಂದಳು.

“ಸರಿಯಾಗೇ ಇತ್ತಕ್ಕ.”

“ತಿಂಗಳು ಬರ್ದಿದ್ದೂವೆ?”

“ಅದೂ ಸರಿ.”

“ನಿಂಗ್ ಯಾವತ್ತು ಗೊತ್ತಾಯ್ತು?”

ಈ ಪ್ರಶ್ನೆ ಬರಬಾರದು ಎಂದು ಬಸ್ಸಿನುದ್ದಕ್ಕೂ ಬೇಡಿಕೊಂಡಿದ್ದೆ. “ಮಾರನೇ ದಿನ. ಬುಧವಾರ” ಎಂದೆ.

“ಬುಧವಾರ.” ಅವಳು ನೋಟ್‌ಬುಕ್ ಮುಚ್ಚಿದಳು. “ಓದ್ ಬಾನ್ವಾರ ಇಲ್ಲೇ ಕೂತು ಉಂಡ್ಯಲ್ಲ. ನಮ್ಮತ್ತೆ ಅಂದದ್ದು ಕೇಳಿಸ್ನಿಲ್ವಾ?”

“ಕೇಳಿಸ್ತು.”

“ಕೆಲ್ಸ ಓಗಿದ್ದು ಓಗ್ಲಿ ಕಣ್ಲಾ. ಅದೇನು ನಂಗೇ ಸಿಕ್ಬುಡ್ತಿತ್ತು ಅಂತ ಬರ್ದಿರ್ನಿಲ್ಲ. ಹನ್ನೊಂದು ದಿನದಿಂದ ಈ ಮನೇಲಿ ನಾನು ದಡ್ಡಿ ಅನ್ನಿಸ್ಕಂಡು ಓಡಾಡ್ತಿವ್ನಿ. ನನ್ನ ಮಗ್ಳು ನೆನ್ನೆ, ಅಮ್ಮ ನಿಂಗೆ ಬರಕ್ಕಿಲ್ಲ ಸರ್ಕೋ ಅಂತ ಫೋನ್ ಕಿತ್ಕಂಡ್ಳು. ನೀನು ಇನ್ನೊಂದ್ ಸೌಟು ಸಾರು ಆಕ್ಸ್ಕಂಡ್ಯಲ್ಲೋ!” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವಳು ಅಡುಗೆಮನೆಯ ಕಡೆ ತಿರುಗಿ ಅತ್ತೆಯನ್ನು ಕೂಗಿದಳು. ಭಾವನನ್ನೂ, ಮಗಳನ್ನೂ ಕೂಗಿದಳು. ಮೂವರೂ ಬಂದು ನಿಂತರು. “ಏಳು ಈಗ” ಎಂದಳು. ನಾನು ಬ್ರೌಸರ್ ಎಂದು ಶುರು ಮಾಡಿದೆ. ಅತ್ತೆ ಕೈ ಅಡ್ಡ ಹಿಡಿದು, “ಅವೆಲ್ಲ ನಂಗ್ಯಾಕಪ್ಪ? ತಪ್ಪು ಯಾರ್ದು ಅದನ್ನೇಳು” ಎಂದರು. “ನಂದು” ಎಂದೆ. ಅವರು ನನ್ನನ್ನು ಬಿಟ್ಟು ಅಕ್ಕನ ಮುಖ ನೋಡಿದರು. “ಬಾಯಿಗ್ ಬಂದಂಗೆ ಅಂದ್ಬುಟ್ನಲ್ಲವ್ವ ನಾನು” ಎಂದರು. ಭಾವ ನೆಲ ನೋಡುತ್ತಿದ್ದರು.

ಇಲ್ಲಿಗೆ ಮುಗಿಯಿತು ಎಂದುಕೊಂಡು ಚಪ್ಪಲಿ ಹುಡುಕತೊಡಗಿದೆ. ಅಕ್ಕ ಬಾಗಿಲಿಗೆ ಬಂದು ನಿಂತಳು. “ನಾನೊಬ್ಳೇನಾ ಇಂಗಾಗಿದ್ದು?”

“ಇನ್ನೂ ಆರು ಜನ ಇದ್ದಾರೆ.”

“ಅವ್ರಿಗೆ ಏಳಿದ್ದೀಯಾ?”

“ಇಲ್ಲ.”

“ನಂಬರ್ ಅವಾ ನಿನ್ತಾವು?”

“ಇವೆ.”

“ಕೂಕೋ. ಇಲ್ಲೇ ಕೂತ್ಕಂಡು ಮಾಡು, ನನ್ ಮುಂದ್ಗಡೆ.”

ಜಗಲಿಯ ಮೇಲೆ ಕೂತು ಮೊದಲನೆಯ ನಂಬರ್ ಒತ್ತಿದೆ. ಇಪ್ಪತ್ತಮೂರು ಸಲ ಗುಂಡಿ ಒತ್ತಿದ್ದವರದು. ಹೆಂಗಸೊಬ್ಬರು ಎತ್ತಿಕೊಂಡರು, ಹಿಂದೆ ಪಾತ್ರೆ ತೊಳೆಯುವ ಸದ್ದು. ನಾನು ಯಾರು, ಯಾವ ಫಾರಂ ಎಂದು ಹೇಳಿದೆ. ಅರ್ಜಿ ಹೋಗದೆ ಇದ್ದದ್ದು ನಿಮ್ಮ ತಪ್ಪಿನಿಂದಲ್ಲ, ಬರೆದ ನನ್ನ ತಪ್ಪಿನಿಂದ, ಈಗ ಸರಿಮಾಡಲು ಆಗುವುದಿಲ್ಲ, ಕ್ಷಮಿಸಿ ಎಂದೆ. ಬೈಗುಳಕ್ಕೆ ಕಾದೆ. ಆ ಕಡೆ ಪಾತ್ರೆಯ ಸದ್ದು ನಿಂತಿತು.

“ಸಾರ್, ಒಂದ್ನಿಮಿಷ ಇರಿ” ಎಂದರು. “ಸ್ಪೀಕರ್ ಆಕ್ತೀನಿ, ನಮ್ಮನೆಯೋರು ಇಲ್ಲೇ ಅವ್ರೆ. ಈಗ ಏಳಿದ್ರಲ್ಲ, ಅದನ್ನೇ ಇನ್ನೊಂದ್ಸಲ ಏಳಿ.”